ಮೊಂಬಾಸಾದಲ್ಲಿ ಎರಡು ತಿಂಗಳು ಸ್ವಯಂಸೇವೆ: ಯಾವ ಕೆಲಸ ಹಿಡಿಯಬೇಕು, ಯಾವುದು ಬೇಡ?

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು, ವಯಸ್ಸು 27. ಬೆಂಗಳೂರಿನಲ್ಲಿ ಅಕೌಂಟೆಂಟ್. ಕೆಲಸ ಬದಲಿಸುವ ನಡುವೆ ಎರಡು ತಿಂಗಳು ಬಿಡುವು ಸಿಗುತ್ತದೆ. ಕೀನ್ಯಾದ ಮೊಂಬಾಸಾದಲ್ಲಿ ಸ್ವಯಂಸೇವೆ ಮಾಡಿ, ಅಲ್ಲಿನ ಜನಜೀವನ ನೋಡಿ ಬರುವ ಆಸೆ. ಒಂದು ಏಜೆನ್ಸಿಯವರು ಅನಾಥಾಶ್ರಮದಲ್ಲಿ ನಾಲ್ಕು ವಾರ ಮಕ್ಕಳ ಜೊತೆ ಕೆಲಸ, ವಾರದ ಕೊನೆಗೆ ಸಫಾರಿ ಮತ್ತು ಬೀಚ್ ಅಂತ ಪ್ಯಾಕೇಜ್ ಕೊಡುತ್ತಿದ್ದಾರೆ. 1,800 ಡಾಲರ್ ಕೇಳುತ್ತಿದ್ದಾರೆ. ಸೇವೆ ಮಾಡೋಕೆ ನಾನೇ ದುಡ್ಡು ಕೊಡಬೇಕಾ? ಒಬ್ಬಳೇ ಹೋದರೆ ತೊಂದರೆ ಇಲ್ವಾ? ಮೀನು ತಿನ್ನುತ್ತೇನೆ, ಮಾಂಸ ತಿನ್ನಲ್ಲ. ಜೂನ್‌ನಲ್ಲಿ ಹೋದರೆ ಹೇಗೆ?

ಉತ್ತರ: ಮೊಂಬಾಸಾಕ್ಕೆ ಖಂಡಿತ ಹೋಗಿ. ಆ ಪ್ಯಾಕೇಜಿನಲ್ಲಿ ಮಾತ್ರ ಬೇಡ. ದುಡ್ಡಿನ ವಿಷಯ ಆಮೇಲೆ ಹೇಳುತ್ತೇನೆ. ಬೇಡ ಅನ್ನುವುದಕ್ಕೆ ಮೊದಲ ಕಾರಣ ಅನಾಥಾಶ್ರಮ.

ಇಂಥ ಆಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿಯೇ ಇರುತ್ತಾರೆ. ಮನೆಯಲ್ಲಿ ಬಡತನ. ಆಶ್ರಮದಲ್ಲಿ ಊಟ ಸಿಗುತ್ತದೆ, ಶಾಲೆ ಸಿಗುತ್ತದೆ. ಹಾಗಾಗಿ ಮಗುವನ್ನು ಅಲ್ಲಿ ಬಿಟ್ಟಿರುತ್ತಾರೆ. ದುಡ್ಡು ಕೊಟ್ಟು ನೋಡಲು ಬರುವ ವಿದೇಶಿಯರು ಜಾಸ್ತಿಯಾದಷ್ಟೂ ಮಕ್ಕಳನ್ನು ಮನೆಗೆ ಕಳಿಸುವ ಮನಸ್ಸು ನಡೆಸುವವರಿಗೆ ಕಮ್ಮಿಯಾಗುತ್ತದೆ. ಕೀನ್ಯಾ ಸರ್ಕಾರಕ್ಕೂ ಇದು ಗೊತ್ತಾಗಿದೆ. 2017ರಲ್ಲಿ ಹೊಸ ಮಕ್ಕಳ ಆಶ್ರಮಗಳ ನೋಂದಣಿಯನ್ನೇ ನಿಲ್ಲಿಸಿತು. 2022ರಲ್ಲಿ ಹೊಸ ಮಕ್ಕಳ ಕಾಯ್ದೆ ತಂದಿತು. ಆಶ್ರಮದ ಮಕ್ಕಳನ್ನು ಮತ್ತೆ ಮನೆಗಳಿಗೆ, ನೆಂಟರ ಬಳಿಗೆ, ಸಾಕುಕುಟುಂಬಗಳಿಗೆ ಸೇರಿಸುವ ಹತ್ತು ವರ್ಷದ ಯೋಜನೆಯನ್ನೂ ಅದೇ ವರ್ಷ ಶುರುಮಾಡಿತು. ಆ ದೇಶವೇ ಮುಚ್ಚುತ್ತಿರುವ ಬಾಗಿಲಿನಿಂದ ನೀವು ಒಳಗೆ ಹೋಗುವುದು ಸರಿಯಲ್ಲ, ಅಲ್ವಾ?

ಇನ್ನೊಂದು ಕಾರಣ ಮಕ್ಕಳ ಮನಸ್ಸು. ನಾಲ್ಕು ವಾರ ಎತ್ತಿಕೊಂಡು ಆಡಿಸಿ ನೀವು ವಿಮಾನ ಹತ್ತುತ್ತೀರಿ. ಮುಂದಿನ ವಾರ ಇನ್ನೊಬ್ಬ ಅಕ್ಕ ಬರುತ್ತಾಳೆ. ಅಪರಿಚಿತರು ಬಂದ ತಕ್ಷಣ ಓಡಿಬಂದು ತಬ್ಬಿಕೊಳ್ಳುವ ಮಗುವನ್ನು ಕಂಡು ‘ಎಷ್ಟು ಪ್ರೀತಿ’ ಅಂತ ನಾವು ಕರಗುತ್ತೇವೆ. ಮಕ್ಕಳ ಮನಸ್ಸನ್ನು ಬಲ್ಲವರಿಗೆ ಅದು ನೋವಿನ ಲಕ್ಷಣ. ಕೀನ್ಯಾ ಕರಾವಳಿಯ ಪ್ರವಾಸಿ ಊರುಗಳಲ್ಲಿ ಮಕ್ಕಳ ಲೈಂಗಿಕ ಶೋಷಣೆ ಹಳೆಯ ಸಮಸ್ಯೆ ಅನ್ನುವುದೂ ನೆನಪಿರಲಿ. ಅಂಥ ಕಡೆ ನಿಮ್ಮ ಪೊಲೀಸ್ ಪ್ರಮಾಣಪತ್ರ ಕೇಳದೆ, ಪರಿಚಯಪತ್ರ ಕೇಳದೆ, ಬರೀ ಕಾರ್ಡ್ ನಂಬರ್ ತಗೊಂಡು ಮಕ್ಕಳ ನಡುವೆ ಬಿಡುವವರಿದ್ದರೆ, ಇನ್ನು ಯಾರ್‍ಯಾರನ್ನು ಹಾಗೆ ಬಿಟ್ಟಿರಬಹುದು ಯೋಚಿಸಿ. ಏಜೆನ್ಸಿಯವರು ನಿಮ್ಮ ಬಗ್ಗೆ ಎಷ್ಟು ವಿಚಾರಿಸಿದರು? ಅಷ್ಟರಿಂದಲೇ ಅವರನ್ನು ಅಳೆಯಬಹುದು.

ಈಗ ದುಡ್ಡು. ಸ್ವಯಂಸೇವಕರು ಖರ್ಚು ಕೊಡುವುದರಲ್ಲಿ ತಪ್ಪೇನಿಲ್ಲ. ನಿಮಗೆ ಊಟ ಬೇಕು, ಕೋಣೆ ಬೇಕು, ಕೆಲಸ ಹೇಳಿಕೊಡಲು ಒಬ್ಬರ ಸಮಯ ಬೇಕು. ಬಡ ಸಂಸ್ಥೆಯೊಂದು ಅದನ್ನೆಲ್ಲ ತನ್ನ ಜೇಬಿನಿಂದ ಹಾಕಬೇಕು ಅನ್ನುವುದು ನ್ಯಾಯವಲ್ಲ. ಆದರೆ 1,800 ಡಾಲರ್‌ನಲ್ಲಿ ಮೊಂಬಾಸಾ ತಲುಪುವುದು ಎಷ್ಟು, ಏಜೆನ್ಸಿಯ ಹತ್ತಿರ ಉಳಿಯುವುದು ಎಷ್ಟು ಅಂತ ಕೇಳಿ. ನೀವು ಅಕೌಂಟೆಂಟ್. ಬಿಡಿಬಿಡಿಯಾಗಿ ಲೆಕ್ಕ ಕೊಡದವರ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಸಫಾರಿ ಬೇಕಿದ್ದರೆ ಬೇರೆಯಾಗಿ ಮಾಡಿಕೊಳ್ಳಿ. ತ್ಸಾವೊ ರಾಷ್ಟ್ರೀಯ ಉದ್ಯಾನ ಮೊಂಬಾಸಾದಿಂದ ನೈರೋಬಿಗೆ ಹೋಗುವ ದಾರಿಯಲ್ಲೇ ಇದೆ.

ಹಾಗಾದರೆ ಯಾವ ಕೆಲಸ? ನಾನು ಆ ಕರಾವಳಿಯಲ್ಲಿ ಕೆಲವು ವರ್ಷ ಪರಿಸರ ಯೋಜನೆಗಳ ಜೊತೆ ಕೆಲಸ ಮಾಡಿದ್ದೇನೆ. ಬಂದು ಹೋದ ಸ್ವಯಂಸೇವಕರನ್ನು ಬಹಳ ಜನರನ್ನು ನೋಡಿದ್ದೇನೆ. ನನ್ನ ಅಳತೆಗೋಲು ಇಷ್ಟೇ. ನೀವು ಹೋಗುವ ಮುಂಚೆಯೂ ಆ ಕೆಲಸ ನಡೆಯುತ್ತಿರಬೇಕು. ನೀವು ವಾಪಸ್ ಬಂದ ಮೇಲೂ ನಡೆಯಬೇಕು. ನಿಮಗೆ ಕೆಲಸ ಹೇಳುವವರು ಆ ಊರಿನವರಾಗಿರಬೇಕು. ನಿಮ್ಮಿಂದಲೇ ಶುರುವಾಗಿ ನಿಮ್ಮಿಂದಲೇ ಮುಗಿಯುವ ಕೆಲಸ ಸಾಮಾನ್ಯವಾಗಿ ನಿಮ್ಮ ಖುಷಿಗಾಗಿ ಹುಟ್ಟಿಸಿದ ಕೆಲಸ. ಬಣ್ಣ ಬಳಿದ ಶಾಲೆಯ ಗೋಡೆಗೇ ಮತ್ತೆ ಮತ್ತೆ ಬಣ್ಣ ಬಳಿಯುವುದು ಇದೇ ಜಾತಿ.

ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ಮೊಂಬಾಸಾದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿ ಗಾಜಿ ಅನ್ನುವ ಮೀನುಗಾರರ ಊರಿದೆ. ಅಲ್ಲಿನ ಕೊಲ್ಲಿಯಲ್ಲಿ ಮ್ಯಾಂಗ್ರೋವ್ ಕಾಡು. ನಿಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ಕಾಂಡ್ಲ. ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಮಿಕೋಕೊ ಅನ್ನುತ್ತಾರೆ. 2013ರಲ್ಲಿ ಅಲ್ಲಿನ ಜನ ‘ಮಿಕೋಕೊ ಪಮೋಜಾ’ ಅನ್ನುವ ಯೋಜನೆ ಶುರುಮಾಡಿದರು. 117 ಹೆಕ್ಟೇರ್ ಕಾಂಡ್ಲ ಕಾಡನ್ನು ಕಾಯುವುದು, ಖಾಲಿ ಜಾಗದಲ್ಲಿ ಹೊಸದಾಗಿ ನೆಡುವುದು, ಆ ಕಾಡು ಹಿಡಿದಿಡುವ ಇಂಗಾಲದ ಲೆಕ್ಕದಲ್ಲಿ ಕಾರ್ಬನ್ ಕ್ರೆಡಿಟ್ (ತಾವು ಉಗುಳುವ ಹೊಗೆಗೆ ಪರಿಹಾರವಾಗಿ ಬೇರೆಯವರು ಕೊಳ್ಳುವ ಲೆಕ್ಕಪತ್ರ) ಮಾರುವುದು. ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ನ ಲೆಕ್ಕ. ಬಂದ ದುಡ್ಡನ್ನು ಏನು ಮಾಡಬೇಕು ಅಂತ ಊರಿನ ಸಭೆ ತೀರ್ಮಾನಿಸುತ್ತದೆ. ಕುಡಿಯುವ ನೀರಿನ ವ್ಯವಸ್ಥೆ, ಶಾಲೆಗೆ ಪುಸ್ತಕ, ಹೀಗೆ ಖರ್ಚಾಗಿದೆ. 2017ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು. ವಿಜ್ಞಾನದ ಕಡೆಯಿಂದ ಕೀನ್ಯಾದ ಸಾಗರ ಮತ್ತು ಮೀನುಗಾರಿಕೆ ಸಂಶೋಧನಾ ಸಂಸ್ಥೆ ಜೊತೆಗಿದೆ. ಅದರ ಮುಖ್ಯ ಕಚೇರಿ ಮೊಂಬಾಸಾದಲ್ಲೇ ಇದೆ.

ಕಾಂಡ್ಲದ ಕೆಲಸ ಅಂದರೆ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಅಂದುಕೊಳ್ಳಬೇಡಿ. ನೆಡುವುದು ಅದರ ಚಿಕ್ಕ ಭಾಗ. ಉದ್ದ ಹಸಿರು ಕೋಡಿನಂಥ ಮೊಳಕೆಗಳನ್ನು ಆರಿಸಬೇಕು. ನೀರು ಇಳಿದಾಗ ಮೊಣಕಾಲುದ್ದ ಕೆಸರಿನಲ್ಲಿ ನಡೆಯಬೇಕು. ಗುರುತು ಹಾಕಿದ ಚೌಕದಲ್ಲಿ ಮರದ ಸುತ್ತಳತೆ ತೆಗೆದು ಬರೆಯಬೇಕು. ಕಳೆದ ವರ್ಷ ನೆಟ್ಟದ್ದರಲ್ಲಿ ಎಷ್ಟು ಬದುಕಿದೆ ಅಂತ ಎಣಿಸಬೇಕು. ಯಾರಾದರೂ ಮನೆಗೆ ಗಳು ಬೇಕು ಅಂತ ಕಡಿದಿದ್ದಾರಾ ನೋಡಬೇಕು. ಕಾಂಡ್ಲದ ಗಳುಗಳಿಗೆ ಆ ಕಡಲಲ್ಲಿ ಶತಮಾನಗಳಿಂದ ಬೆಲೆ. ಹಾಯಿದೋಣಿಗಳಲ್ಲಿ ಅರಬ್ ದೇಶಗಳಿಗೆ ಹೋಗುತ್ತಿತ್ತು, ಅಲ್ಲಿನ ಮನೆಗಳ ಮಾಡಿಗೆ. ಈ ಕೆಲಸಕ್ಕೆ ಗಡಿಯಾರ ನೋಡಿ ಬರುವ ಹಾಗಿಲ್ಲ. ಮೊಂಬಾಸಾದಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಏರಿಳಿತ ಸುಮಾರು ನಾಲ್ಕು ಮೀಟರ್ ತನಕ ಹೋಗುತ್ತದೆ. ನಮ್ಮ ಕರಾವಳಿಗಿಂತ ಬಹಳ ಜಾಸ್ತಿ. ಗಂಗೊಳ್ಳಿಯ ಅಳಿವೆ ನೋಡಿ ಬೆಳೆದವರಿಗೂ ಮೊದಮೊದಲು ಆಶ್ಚರ್ಯವಾಗುತ್ತದೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಹುಡುಗರು ಚೆಂಡಾಡುತ್ತಿರುತ್ತಾರೆ.

ಆದರೆ ನಿಮಗೆ ಕಾಂಡ್ಲದ ಕೆಸರಿಗಿಂತ ಹೆಚ್ಚು ಹೊಂದುವ ಕೆಲಸ ಬೇರೆ ಇದೆ ಅಂತ ನನಗನ್ನಿಸುತ್ತದೆ. ಲೆಕ್ಕ. ಹೌದು, ಬೇಜಾರಿನ ಮಾತು. ರಜೆಯಲ್ಲೂ ಅದೇನಾ ಅಂತ ಅನ್ನಿಸಬಹುದು. ಆದರೆ ಕೀನ್ಯಾ ಕರಾವಳಿಯ ಹಳ್ಳಿಹಳ್ಳಿಯಲ್ಲಿ ‘ಚಾಮಾ’ ಅನ್ನುವ ಉಳಿತಾಯ ಗುಂಪುಗಳಿವೆ. ನಮ್ಮ ಸ್ವಸಹಾಯ ಸಂಘಗಳ ಹಾಗೇ. ಮೀನುಗಾರರಿಗೆ ಕಡಲತೀರ ನಿರ್ವಹಣಾ ಘಟಕಗಳಿವೆ, 2007ರ ನಿಯಮಗಳ ಕೆಳಗೆ ನಡೆಯುವಂಥವು. ಮೀನು ಕರಿದು ಮಾರುವ ಹೆಂಗಸರನ್ನು ‘ಮಾಮಾ ಕರಾಂಗಾ’ ಅನ್ನುತ್ತಾರೆ. ಇವರ ವ್ಯವಹಾರ ಎಲ್ಲಾ ಎಂ-ಪೆಸಾದಲ್ಲಿ. 2007ರಲ್ಲಿ ಶುರುವಾದ ಮೊಬೈಲ್ ಹಣ ಅದು. ನಮ್ಮ ಯುಪಿಐ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು ಅಲ್ಲಿ ತರಕಾರಿಯವಳೂ ಫೋನಲ್ಲೇ ದುಡ್ಡು ತಗೊಳ್ಳುತ್ತಿದ್ದಳು. ದುಡ್ಡು ಬರುತ್ತದೆ, ಹೋಗುತ್ತದೆ, ಎಸ್ಸೆಮ್ಮೆಸ್ಸಿನಲ್ಲಿ ಉಳಿಯುತ್ತದೆ. ಪುಸ್ತಕಕ್ಕೆ ಏರುವುದಿಲ್ಲ. ಅನುದಾನ ಕೊಡುವವರು ವರ್ಷದ ಲೆಕ್ಕ ಕೇಳಿದಾಗ ಗುಂಪು ಕಂಗಾಲು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಮೀನು ಮಾರುವ ಹೆಂಗಸರ ವ್ಯವಹಾರ ಕಂಡಿರುವ ನಿಮಗೆ ಇದು ತಕ್ಷಣ ಅರ್ಥವಾಗುತ್ತದೆ. ಗುಂಪಿನ ಖಜಾಂಚಿಯ ಪಕ್ಕ ಕೂತು, ಅವಳು ತಾನೇ ಬರೆಯಬಲ್ಲ ಸರಳ ನಗದು ಪುಸ್ತಕ ಮಾಡಿಕೊಟ್ಟು, ಎರಡು ತಿಂಗಳು ಜೊತೆಗೆ ತುಂಬಿಸಿದರೆ ಅದು ನೀವು ವಾಪಸ್ ಬಂದ ಮೇಲೂ ಉಳಿಯುತ್ತದೆ. ನೀವು ಮಾಡುವ ಚಂದದ ಎಕ್ಸೆಲ್ ಶೀಟು ಉಳಿಯುವುದಿಲ್ಲ. ಅದನ್ನು ಖಚಿತವಾಗಿ ಹೇಳಬಲ್ಲೆ.

ಹೋಗುವ ಮುಂಚೆ ಒಂದು ತಿಂಗಳು ಬೆಂಗಳೂರಿನಿಂದಲೇ ಆನ್‌ಲೈನ್‌ನಲ್ಲಿ ಅವರ ಜೊತೆ ಕೆಲಸ ಮಾಡಿ ನೋಡಿ. ವಾರಕ್ಕೆ ಒಂದೆರಡು ಗಂಟೆ ಸಾಕು. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ, ಹೊತ್ತು ಹೊಂದಿಸುವುದು ಸುಲಭ. ಅವರಿಗೆ ನಿಮ್ಮ ಅಗತ್ಯ ನಿಜವಾಗಿ ಇದೆಯಾ, ಉತ್ತರ ಕೊಡುತ್ತಾರಾ, ಕೆಲಸ ಹೇಳುವವರು ಯಾರು, ಎಲ್ಲಾ ಗೊತ್ತಾಗುತ್ತದೆ. ಈ ಪರೀಕ್ಷೆಗೆ ಖರ್ಚೂ ಇಲ್ಲ.

ಪ್ರಾಣಿಗಳ ಕಡೆ ಮನಸ್ಸಿದ್ದರೆ ಕಡಲಾಮೆ. ಮೊಂಬಾಸಾದಿಂದ ಉತ್ತರಕ್ಕೆ ನೂರು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ದೂರದ ವಟಾಮುವಿನಲ್ಲಿ ಲೋಕಲ್ ಓಷನ್ ಕನ್ಸರ್ವೇಶನ್ ಅನ್ನುವ ಸಂಸ್ಥೆ 1997ರಿಂದ ಈ ಕೆಲಸದಲ್ಲಿದೆ. ಬಲೆಗೆ ಆಮೆ ಬಿದ್ದರೆ ಮೀನುಗಾರರು ಫೋನ್ ಮಾಡುತ್ತಾರೆ. ಸಂಸ್ಥೆಯವರು ಹೋಗಿ ತೂಕ, ಅಳತೆ ತೆಗೆದು, ಗುರುತಿನ ಬಿಲ್ಲೆ ಹಾಕಿ ಬಿಡುತ್ತಾರೆ. ಗಾಯ ಇದ್ದರೆ ಚಿಕಿತ್ಸೆ. ಬಲೆ ಹಾಳಾದ ಮೀನುಗಾರನಿಗೆ ಸ್ವಲ್ಪ ಹಣವನ್ನೂ ಕೊಡುತ್ತಾರೆ. ನನಗೆ ಹಿಡಿಸಿದ್ದು ಅದೇ. ಬಲೆಯ ನಷ್ಟ ಮರೆತು ಆಮೆಯ ಬಗ್ಗೆ ಭಾಷಣ ಮಾಡುವವರ ಮಾತನ್ನು ಯಾವ ಕಡಲತೀರದಲ್ಲೂ ಯಾರೂ ಕೇಳುವುದಿಲ್ಲ.

ಇನ್ನು ಕಾಗದಪತ್ರ. ಇಲ್ಲೇ ಜಾಸ್ತಿ ಜನ ಎಡವುವುದು. 2024ರ ಜನವರಿಯಿಂದ ಕೀನ್ಯಾ ವೀಸಾ ತೆಗೆದು ಇಟಿಎ ಅನ್ನುವ ಆನ್‌ಲೈನ್ ಅನುಮತಿ ತಂದಿದೆ. ಭಾರತೀಯರಿಗೂ ಅದು ಬೇಕು. ಶುಲ್ಕ 30 ಡಾಲರ್‌ನ ಆಸುಪಾಸು. ಏಜೆನ್ಸಿಯವರು ‘ಇಟಿಎ ಮಾಡಿಸಿ, ಪ್ರವಾಸಿ ಅಂತ ಹಾಕಿ, ಸಾಕು’ ಅನ್ನುತ್ತಾರೆ. ಸಾಕಾಗುವುದಿಲ್ಲ. ಸಂಬಳ ಇಲ್ಲದ ಕೆಲಸವೂ ಅಲ್ಲಿನ ಕಾನೂನಿನ ಕಣ್ಣಲ್ಲಿ ಕೆಲಸವೇ. ಕಡಿಮೆ ಅವಧಿಗೆ ಸ್ಪೆಷಲ್ ಪಾಸ್ ಅಂತ ಇದೆ. ಉದ್ದ ಅವಧಿಯ ಸೇವಾಕಾರ್ಯಕ್ಕೆ ‘ಐ’ ವರ್ಗದ ಪರ್ಮಿಟ್. ಇದಕ್ಕೆ ಅಲ್ಲಿನ ಸಂಸ್ಥೆ ನಿಮ್ಮ ಪರವಾಗಿ ಅರ್ಜಿ ಹಾಕಬೇಕು. ಆ ಸಂಸ್ಥೆ ನೋಂದಣಿಯಾಗಿರಬೇಕು. ‘ನಿಮ್ಮ ನೋಂದಣಿ ಪತ್ರ ಕಳಿಸಿ, ನನ್ನ ಸ್ಪೆಷಲ್ ಪಾಸ್‌ಗೆ ಅರ್ಜಿ ಹಾಕುತ್ತೀರಾ?’ ಅಂತ ಒಂದು ಇಮೇಲ್ ಹಾಕಿ. ಅರ್ಧಕ್ಕರ್ಧ ಸಂಸ್ಥೆಗಳು ಅಲ್ಲೇ ಮಾಯವಾಗುತ್ತವೆ. ಸಿಕ್ಕಿಬಿದ್ದರೆ ದಂಡ, ಗಡೀಪಾರು ನಿಮಗೆ. ಏಜೆನ್ಸಿಗೆ ಏನೂ ಆಗುವುದಿಲ್ಲ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಇಲ್ಲಿಂದ ನೇರವಾಗಿ ಹೋಗುವಾಗ ಅಷ್ಟು ಕೇಳದಿರಬಹುದು. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಬೆಂಗಳೂರಿನಲ್ಲಿ ಇದೆ. ಮೊಂಬಾಸಾ ಮಲೇರಿಯಾ ಇರುವ ಜಾಗ. ತಡೆಯುವ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ, ರಾತ್ರಿ ಸೊಳ್ಳೆಪರದೆ ಕಟ್ಟಿ.

ಸರಿ, ಜನಜೀವನದ ಮಾತಿಗೆ ಬರೋಣ. ಪ್ಯಾಕೇಜಿನವರು ಶನಿವಾರ ಮಧ್ಯಾಹ್ನ ‘ಸಾಂಸ್ಕೃತಿಕ ಪ್ರವಾಸ’ ಅಂತ ಹಾಕಿರುತ್ತಾರೆ. ಅದರಲ್ಲಿ ಫೋರ್ಟ್ ಜೀಸಸ್, ಹಳೇಪೇಟೆ, ಒಂದು ಕುಣಿತ ಮುಗಿಯುತ್ತದೆ. ಕೋಟೆ ನೋಡುವಂಥದ್ದೇ. 1593ರಿಂದ 1596ರ ನಡುವೆ ಪೋರ್ಚುಗೀಸರು ಕಟ್ಟಿದ್ದು, 1698ರಲ್ಲಿ ಒಮಾನಿಗಳು ಗೆದ್ದದ್ದು, 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಆ ಕೋಟೆಯ ಮೇಲಿನ ಆಡಳಿತ ಇದ್ದದ್ದು ಗೋವಾದಲ್ಲಿ. ಆ ಕಡಲದಾರಿಯ ಇನ್ನೊಂದು ತುದಿ ನಮ್ಮ ಉತ್ತರ ಕನ್ನಡದಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಹಿರಿಯರನ್ನು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಮೊಂಬಾಸಾದ ದಕ್ಷಿಣಕ್ಕೆ ಶಿಮೋನಿಯಲ್ಲಿ ಗುಲಾಮರನ್ನು ಕೂಡಿಡುತ್ತಿದ್ದ ಗುಹೆಗಳಿವೆ. ಅಲ್ಲಿ ಒಳಗೆ ನಡೆಯುವಾಗ ಕರ್ನಾಟಕದವರಿಗೆ ಅದು ಪರದೇಶದ ಚರಿತ್ರೆ ಅನ್ನಿಸುವುದಿಲ್ಲ.

ಆದರೆ ಉಳಿದದ್ದೆಲ್ಲ ಶನಿವಾರದ ಪ್ರವಾಸದಲ್ಲಿ ಸಿಗುವುದಿಲ್ಲ. ಅದು ಸಿಗುವುದು ಮನೆಯಲ್ಲಿ. ಅದಕ್ಕೇ ಹಾಸ್ಟೆಲ್ ಬೇಡ, ಒಂದು ಸ್ವಾಹಿಲಿ ಮನೆಯಲ್ಲಿ ಕೋಣೆ ಹಿಡಿಯಿರಿ ಅನ್ನುವುದು. ಮೊದಲು ಕಲಿಯಬೇಕಾದದ್ದು ಹಿರಿಯರಿಗೆ ‘ಶಿಕಾಮೂ’ ಅನ್ನುವುದು. ಅವರು ‘ಮರಹಬಾ’ ಅನ್ನುತ್ತಾರೆ. ಇದಿಲ್ಲದೆ ನೇರ ವಿಷಯಕ್ಕೆ ಬಂದರೆ ಒರಟು ಅನ್ನಿಸುತ್ತದೆ. ಅಂಗಡಿಯಲ್ಲೂ ಅಷ್ಟೇ, ಹೇಗಿದ್ದೀರಿ, ಮನೆಯಲ್ಲಿ ಹೇಗೆ ಅಂತ ಒಂದೆರಡು ಮಾತಾದ ಮೇಲೆ ಉಪ್ಪಿನ ಬೆಲೆ. ಹೊತ್ತಿನ ಲೆಕ್ಕವನ್ನೂ ಮೊದಲ ದಿನವೇ ಕಲಿಯಿರಿ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ‘ಸಾ ಮ್ಬಿಲಿ’, ಅಂದರೆ ಎರಡನೇ ಗಂಟೆ, ಬೆಳಿಗ್ಗೆ ಎಂಟು. ಎರಡು ಗಂಟೆಗೆ ಬಾ ಅಂದರು ಅಂತ ಮಧ್ಯಾಹ್ನ ಹೋಗಿ ನಿಂತವರು ಎಷ್ಟೋ ಜನ.

ಊಟದ ಚಿಂತೆ ನಿಮಗೆ ಬೇಡವೇ ಬೇಡ. ತೆಂಗಿನಕಾಯಿ ಇಲ್ಲದೆ ಅಲ್ಲಿ ಅಡುಗೆ ಇಲ್ಲ. ಬೆಳಿಗ್ಗೆ ಏಲಕ್ಕಿ, ತೆಂಗಿನಹಾಲು ಹಾಕಿ ಕರಿದ ಮಹಮ್ರಿ, ಜೊತೆಗೆ ತೆಂಗಿನಹಾಲಲ್ಲಿ ಬೇಯಿಸಿದ ತೊಗರಿಕಾಳು. ಮಧ್ಯಾಹ್ನ ತೆಂಗಿನಹಾಲಿನ ಅನ್ನ, ಕೆಂಪು ಬೀನ್ಸ್ ಸಾರು. ಮೀನು ತಿನ್ನುವವರಿಗೆ ‘ಸಮಾಕಿ ವ ಕುಪಾಕಾ’ ಅಂತ ಒಂದಿದೆ. ಕೆಂಡದಲ್ಲಿ ಸುಟ್ಟ ಮೀನಿಗೆ ತೆಂಗಿನಹಾಲು, ಹುಣಸೆಹುಳಿಯ ಮಸಾಲೆ. ಕುಂದಾಪುರದವರು ಖಾರ ಕಮ್ಮಿ ಅಂತ ಗೊಣಗಬಹುದು. ಸಂಜೆ ‘ವಿಯಾಜಿ ಕರಾಯಿ’, ಹಿಟ್ಟಲ್ಲಿ ಅದ್ದಿ ಕರಿದ ಆಲೂಗಡ್ಡೆ, ಪಕ್ಕದಲ್ಲಿ ಹುಣಸೆ ಚಟ್ನಿ. ಮಾಮಾ ನ್ಗಿನಾ ಕಡಲದಂಡೆಯಲ್ಲಿ ಭಾನುವಾರ ಸಂಜೆ ಇಡೀ ಊರೇ ಸೇರುತ್ತದೆ. ಮರಗೆಣಸಿನ ಚಿಪ್ಸಿಗೆ ನಿಂಬೆ, ಮೆಣಸಿನಪುಡಿ ಹಾಕಿಸಿಕೊಂಡು ಎಳನೀರು ಕುಡಿಯುತ್ತಾ ಕೂತರೆ ಕರಾವಳಿಯ ಹಿಂದೂ, ಮುಸ್ಲಿಂ, ಕ್ರೈಸ್ತ ಕುಟುಂಬಗಳೆಲ್ಲ ಒಂದೇ ಗೋಡೆಯ ಮೇಲೆ ಸಾಲಾಗಿ ಕೂತಿರುವುದು ಕಾಣುತ್ತದೆ. ರಂಜಾನ್ ತಿಂಗಳಲ್ಲಿ ಹೋದರೆ ಹಗಲು ಹಳೇಪೇಟೆಯ ಬೀದಿಯಲ್ಲಿ ತಿನ್ನಬೇಡಿ. ಸಂಜೆ ಯಾರಾದರೂ ಕರೆದೇ ಕರೆಯುತ್ತಾರೆ.

ಬಿಯಾಶಾರಾ ಬೀದಿಗೆ ಒಮ್ಮೆ ಮನೆಯ ಹೆಂಗಸರ ಜೊತೆಯೇ ಹೋಗಿ. ಅಲ್ಲಿ ‘ಲೇಸೊ’ ಮಾರುತ್ತಾರೆ. ಹೆಂಗಸರು ಸೊಂಟಕ್ಕೂ ತಲೆಗೂ ಸುತ್ತಿಕೊಳ್ಳುವ ಬಣ್ಣದ ಬಟ್ಟೆ, ಜೋಡಿಯಾಗಿ ಬರುತ್ತದೆ. ಕೆಳಗಡೆ ಒಂದು ಸಾಲಿನ ಗಾದೆಯೋ ಕುಹಕವೋ ಅಚ್ಚಾಗಿರುತ್ತದೆ. ನಾದಿನಿಗೆ ಬಾಯಲ್ಲಿ ಹೇಳಲಾಗದ್ದನ್ನು ಉಟ್ಟು ತೋರಿಸಬಹುದು. ಹಾಗಾಗಿ ಬಣ್ಣ ಚಂದ ಅಂತ ಸುಮ್ನೆ ತಗೊಳ್ಳಬೇಡಿ, ಓದಿಸಿ ತಗೊಳ್ಳಿ. ಬಹಳಷ್ಟು ಲೇಸೊ ಭಾರತದಲ್ಲೇ ಅಚ್ಚಾಗಿ ಅಲ್ಲಿಗೆ ಹೋಗುತ್ತದೆ ಅನ್ನುವುದು ತಮಾಷೆ. ಸಂಗೀತವೂ ಹಾಗೇ. ಮದುವೆಮನೆಯಲ್ಲಿ ತಾರಬ್ ಅನ್ನುವ ಸ್ವಾಹಿಲಿ ಹಾಡು ಕೇಳುವಾಗ ಈ ರಾಗ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿದರೆ ನಿಮ್ಮ ಕಿವಿ ಸರಿಯಾಗಿದೆ. ಮೊಂಬಾಸಾದ ಹೆಸರಾಂತ ಗಾಯಕ ಜುಮಾ ಭಾಲೊ ಹಿಂದಿ ಸಿನಿಮಾದ ಧಾಟಿಗೆ ಸ್ವಾಹಿಲಿ ಪದ ಕೂರಿಸಿ ಹಾಡುತ್ತಿದ್ದರು.

ಒಂದು ರಜಾ ದಿನ ಮೊಂಬಾಸಾದ ದಕ್ಷಿಣಕ್ಕಿರುವ ಬೀಚ್ ಊರು ಡಿಯಾನಿಯ ಹತ್ತಿರದ ಕಾಯಾ ಕಿನೊಂಡೊಗೆ ಇಡಿ. ‘ಕಾಯಾ’ ಅಂದರೆ ಆ ಕರಾವಳಿಯ ಮಿಜಿಕೆಂಡಾ ಜನರ ಹಿರಿಯರು ಕೋಟೆ ಊರು ಕಟ್ಟಿಕೊಂಡಿದ್ದ ಕಾಡು. ಊರು ಹೋಯಿತು, ಕಾಡು ಪವಿತ್ರವಾಗಿ ಉಳಿಯಿತು. ಇಂಥ ಕಾಡುಗಳನ್ನು 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ಒಳಗೆ ಹೋಗುವಾಗ ಸೊಂಟಕ್ಕೆ ಕಪ್ಪು ಬಟ್ಟೆ ಸುತ್ತಿಕೊಳ್ಳಬೇಕು. ಎಲೆ, ಕಡ್ಡಿ, ಏನೂ ತರುವ ಹಾಗಿಲ್ಲ. ಕೊಡಗಿನ ದೇವರಕಾಡು, ನಿಮ್ಮೂರ ನಾಗಬನ ಗೊತ್ತಿರುವವರಿಗೆ ಯಾಕೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿನ ಹಿರಿಯರ ಹತ್ತಿರ ನಾಗಬನದ ವಿಷಯ ಹೇಳಿ ನೋಡಿ. ಪ್ರವಾಸಿಗೆ ಹೇಳುವ ಕತೆ ನಿಲ್ಲಿಸಿ ಬೇರೆಯೇ ಮಾತು ಶುರುಮಾಡುತ್ತಾರೆ.

ಒಂದು ವಿಷಯವನ್ನು ಏಜೆನ್ಸಿಯವರು ಹೇಳುವುದಿಲ್ಲ, ಹೇಳಲು ಅವರಿಗೆ ಗೊತ್ತೂ ಇರುವುದಿಲ್ಲ. ಬಿಳಿಯರನ್ನು ಅಲ್ಲಿ ‘ಮ್ಜುಂಗು’ ಅನ್ನುತ್ತಾರೆ. ನಿಮ್ಮನ್ನು ‘ಮ್ಹಿಂದಿ’ ಅನ್ನುತ್ತಾರೆ. ಆ ಮಾತಿನ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಮೀರಿದ ಕತೆ ಇದೆ. 1896ರಿಂದ 1901ರ ತನಕ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ರೈಲು ಹಾಕಿದಾಗ ಸುಮಾರು 32,000 ಭಾರತೀಯ ಕೂಲಿಗಳನ್ನು ಕರೆತಂದರು. ಸುಮಾರು 2,500 ಜನ ಅಲ್ಲೇ ಸತ್ತರು. ಉಳಿದುಕೊಂಡವರ ಜೊತೆಗೆ ಗುಜರಾತಿ ವ್ಯಾಪಾರಿಗಳೂ ಸೇರಿ ಅಂಗಡಿ, ಕಾರ್ಖಾನೆ, ದೇವಸ್ಥಾನ ಕಟ್ಟಿದರು. 2017ರಲ್ಲಿ ಕೀನ್ಯಾ ಸರ್ಕಾರ ಏಷ್ಯನ್ನರನ್ನು ದೇಶದ 44ನೇ ಬುಡಕಟ್ಟು ಅಂತ ಒಪ್ಪಿಕೊಂಡಿತು. ಆದರೂ ಬಹಳ ಆಫ್ರಿಕನ್ನರಿಗೆ ‘ಮ್ಹಿಂದಿ’ ಅಂದರೆ ಅಂಗಡಿಯ ಯಜಮಾನ, ಮನೆಕೆಲಸದವರನ್ನು ಜೋರು ಮಾಡುವ ಯಜಮಾನಿ. ನೀವು ಕೆಸರಲ್ಲಿ ಇಳಿದು ಕೆಲಸ ಮಾಡುವುದನ್ನು, ಮಟಾಟು ವ್ಯಾನಿನಲ್ಲಿ ಒತ್ತಿಕೊಂಡು ಕೂರುವುದನ್ನು ಕಂಡು ಅವರಿಗೆ ಅಚ್ಚರಿಯಾಗುತ್ತದೆ. ಪ್ರಶ್ನೆಗಳೂ ಬರುತ್ತವೆ. ಅಲ್ಲಿನ ಎಷ್ಟೋ ಮನೆಗಳ ಹುಡುಗರು ಬೆಂಗಳೂರು, ಮೈಸೂರಲ್ಲಿ ಓದಿದ್ದಾರೆ. ‘ನಿಮ್ಮ ಊರಲ್ಲಿ ನಮ್ಮ ತಮ್ಮನಿಗೆ ಬಾಡಿಗೆಗೆ ಮನೆ ಯಾಕೆ ಕೊಡಲಿಲ್ಲ?’ ಅಂತ ನೇರವಾಗಿ ಕೇಳಿದರೆ ಏನು ಹೇಳುತ್ತೀರಿ? ಮಾತು ತಪ್ಪಿಸಬೇಡಿ. ನಮ್ಮಲ್ಲಿ ಬಣ್ಣದ ತಾರತಮ್ಯ ಇದೆ ಅಂತ ಒಪ್ಪಿಕೊಂಡರೆ ಮಾತು ಮುಂದುವರಿಯುತ್ತದೆ. ಸ್ವಾಮಿನಾರಾಯಣ ಮಂದಿರ, ಜೈನ ಬಸದಿ ನೋಡಿ, ಗುಜರಾತಿ ಮನೆಯ ಊಟವನ್ನೂ ಉಣ್ಣಿ. ಅಲ್ಲೇ ಬಿಡಾರ ಹೂಡಬೇಡಿ. ಹಿಂದಿಯಲ್ಲೇ ಎರಡು ತಿಂಗಳು ಕಳೆದುಹೋಗುತ್ತದೆ.

ಒಬ್ಬಳೇ ಹೋಗುವ ಬಗ್ಗೆ. ಮೊಂಬಾಸಾ 12 ಲಕ್ಷ ಜನರ ಬಂದರು ನಗರ. ದೊಡ್ಡ ಊರಿನಲ್ಲಿ ಇಡುವ ಎಚ್ಚರ ಅಲ್ಲೂ ಬೇಕು. ಕತ್ತಲಾದ ಮೇಲೆ ಖಾಲಿ ಬೀಚಿನಲ್ಲಿ ನಡೆಯಬೇಡಿ. ರಸ್ತೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ. ರಾತ್ರಿ ಪರಿಚಯದ ಟುಕ್‌ಟುಕ್ಕನ್ನೇ ಕರೆಸಿ. ಅಂದಹಾಗೆ ಟುಕ್‌ಟುಕ್ ಅಂದರೆ ನಮ್ಮ ಬಜಾಜ್, ಟಿವಿಎಸ್ ಆಟೋವೇ, ಮೀಟರ್ ಮಾತ್ರ ಇಲ್ಲ. ಬೀಚಿನಲ್ಲಿ ಗೆಳೆತನ ಮಾಡಿಕೊಂಡು ಬೆನ್ನು ಬೀಳುವ ಹುಡುಗರಿದ್ದಾರೆ. ನಗುತ್ತಾ ‘ಹಪಾನಾ, ಅಸಾಂತೆ’ (ಬೇಡ, ಥ್ಯಾಂಕ್ಸ್) ಅಂದು ಮುಂದೆ ನಡೆಯಿರಿ. ಹಳೇಪೇಟೆಯಲ್ಲಿ ತೋಳು, ಮೊಣಕಾಲು ಮುಚ್ಚುವ ಬಟ್ಟೆ ಒಳ್ಳೆಯದು. ಮೊಂಬಾಸಾ ಪೇಟೆ ಇರುವ ದ್ವೀಪದಿಂದ ದಕ್ಷಿಣಕ್ಕೆ ದಾಟುವ ಲಿಕೋನಿ ದೋಣಿಗೆ ನಡೆದು ಹೋಗುವವರು ದುಡ್ಡು ಕೊಡಬೇಕಾಗಿಲ್ಲ. ಜನಸಾಗರ ಇರುತ್ತದೆ, ಬ್ಯಾಗನ್ನು ಎದೆಯ ಕಡೆ ಹಾಕಿಕೊಳ್ಳಿ. ಸೊಮಾಲಿಯಾ ಗಡಿಯ ಕಡೆಗೆ, ಲಾಮು ಜಿಲ್ಲೆಯ ಒಳನಾಡಿಗೆ ಹೋಗುವ ಯೋಚನೆ ಬೇಡ.

ಜೂನ್ ಒಳ್ಳೆಯ ತಿಂಗಳು. ದೊಡ್ಡ ಮಳೆ ಏಪ್ರಿಲ್, ಮೇಯಲ್ಲಿ ಸುರಿದು ಕಮ್ಮಿಯಾಗಿರುತ್ತದೆ. ಅಷ್ಟು ಸೆಕೆಯೂ ಇರುವುದಿಲ್ಲ. ಆಗ ಬೀಸುವ ದಕ್ಷಿಣದ ಗಾಳಿಯನ್ನು ‘ಕುಸಿ’ ಅನ್ನುತ್ತಾರೆ. ಅದೇ ಗಾಳಿ ಭೂಮಧ್ಯರೇಖೆ ದಾಟಿ ತಿರುಗಿ ನಿಮ್ಮೂರಿಗೆ ಮುಂಗಾರು ತರುತ್ತದೆ. 1498ರಲ್ಲಿ ವಾಸ್ಕೋ ಡ ಗಾಮನೂ ಮೊಂಬಾಸಾದಲ್ಲಿ ಜಗಳವಾಗಿ, ಪಕ್ಕದ ಮಲಿಂಡಿಯಲ್ಲಿ ದಾರಿ ತೋರುವವನನ್ನು ಹಿಡಿದು, ಈ ಗಾಳಿಯಲ್ಲೇ ಕಲ್ಲಿಕೋಟೆಗೆ ಬಂದದ್ದು. ಕುಸಿ ಕಾಲದಲ್ಲಿ ಕಡಲು ಒರಟು, ನೀರು ಕಲಕಿರುತ್ತದೆ. ಹವಳದ ದಿಬ್ಬ ನೋಡುವ ಆಸೆಯೇ ಮುಖ್ಯವಾಗಿದ್ದರೆ ಡಿಸೆಂಬರ್‌ನಿಂದ ಮಾರ್ಚ್ ವಾಸಿ.

ಈಗಿನಿಂದಲೇ ಶುರುಮಾಡಿ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಪ್ರಮಾಣಪತ್ರ ಮೊದಲು, ಆಮೇಲೆ ಎರಡು ಮೂರು ಸಂಸ್ಥೆಗಳಿಗೆ ನೇರವಾಗಿ ಪತ್ರ, ಅದರ ಜೊತೆಗೇ ಲಸಿಕೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ. ಅಲ್ಲಿಂದ ಮೊಂಬಾಸಾಕ್ಕೆ 2017ರಲ್ಲಿ ಶುರುವಾದ ಹೊಸ ರೈಲು ಹಿಡಿಯಿರಿ. ಐದಾರು ಗಂಟೆ ದಾರಿ, ತ್ಸಾವೊ ಕಾಡಿನ ನಡುವೆ ಹೋಗುವಾಗ ಕಿಟಕಿಯಿಂದಲೇ ಆನೆ ಕಂಡರೂ ಕಾಣಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಕಟ್ಟಿಕೊಂಡು ಹೋಗಬೇಡಿ. 2017ರ ಆಗಸ್ಟ್‌ನಿಂದ ಆ ದೇಶದಲ್ಲಿ ಅದಕ್ಕೆ ನಿಷೇಧ, ದಂಡ ಭಾರಿ. ಅಲ್ಲಿನ ಸಾಕೆಟ್ಟಿಗೆ ಚೌಕ ಮೂರು ಪಿನ್ನಿನ ಬ್ರಿಟಿಷ್ ಪ್ಲಗ್ ಬೇಕು, ಅಡಾಪ್ಟರ್ ಬೆಂಗಳೂರಲ್ಲೇ ತಗೊಳ್ಳಿ. ಕಾಂಡ್ಲದ ಕೆಸರಿಗೆ ಹಳೇ ಕ್ಯಾನ್ವಾಸ್ ಶೂ ಒಂದು ಜೊತೆ ಇರಲಿ. ಚಪ್ಪಲಿ ಅಲ್ಲಿ ನಿಲ್ಲುವುದಿಲ್ಲ.